ಊರಿಗೊಂದು ಉಸಿರು

ನಮ್ಮ ನಾಡಿನಲ್ಲಿ ಊರಿಗೊಂದು ಉಸಿರು. ವರ್ಷಕ್ಕೊಮ್ಮೆ ಮಹಾಸಭೆ ಸೇರಿದಾಗ ಪ್ರತಿ ಊರಿನಿಂದ ಒಬ್ಬರು, ಒಬ್ಬರೇ, ಹೋಗಬೇಕು. ಎದ್ದು ನಿಂತು ಒಂದೇ ಉಸಿರಿನಲ್ಲಿ ಊರಿನ ಮಾತು ಹೇಳಿ ಮುಗಿಸಬೇಕು. ಹೇಳುವವರ ಮೂಗಿನ ಮುಂದೆ ಸಭೆಯ ಚಾಕರಿಯವನೊಬ್ಬ ಹತ್ತಿಯ ಎಳೆ ಹಿಡಿದು ನಿಂತಿರುತ್ತಾನೆ. ಎಳೆ ಮೂಗಿನ ಕಡೆಗೆ ಬಾಗಿತೋ, ಆ ಊರಿನ ಮಾತು ಆ ವರ್ಷಕ್ಕೆ ಮುಗಿಯಿತು. ಹದಿಮೂರು ಮನೆಯ ಹಟ್ಟಿಗೂ ಒಂದು ಉಸಿರು, ತೊಂಬತ್ತು ಲಕ್ಷ ಜನರಿರುವ ನಮ್ಮ ಊರಿಗೂ ಒಂದು ಉಸಿರು. ಮೂಲಕಟ್ಟಳೆ ಬರೆದ ಕಾಲದಲ್ಲಿ ನಮ್ಮದು ಹೊಳೆ ದಾಟುವ ಜಾಗದಲ್ಲಿದ್ದ ನಲವತ್ತು ಗುಡಿಸಲಂತೆ. ಬರೆದವರು ಅದನ್ನು ಊರು ಎಂದು ಬರೆದರು. ಆಮೇಲೆ ಊರು ಬೆಳೆಯಿತು, ಬರೆದದ್ದು ಬೆಳೆಯಲಿಲ್ಲ.

ಉಸಿರೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಊರಿಗೊಂದು ಸೇತುವೆ, ಊರಿಗೊಂದು ಆಸ್ಪತ್ರೆ, ಊರಿಗೊಂದು ಬೆಂಕಿ ಆರಿಸುವ ಬಂಡಿ, ಊರಿಗೊಂದು ಸ್ಮಶಾನ. ಎರಡನೆಯದು ಬೇಕೆಂದರೆ ಮಹಾಸಭೆ ಒಪ್ಪಬೇಕು. ನಮ್ಮ ಕೈಯಿಂದಲೇ ಕಟ್ಟಿಕೊಳ್ಳುತ್ತೇವೆ ಎಂದರೂ ಒಪ್ಪಬೇಕು. ಹೆಣ ಸುಡುವುದಕ್ಕೆ ಮೂರು ದಿನ ಸಾಲಿನಲ್ಲಿ ಕಾಯುವ ಊರು ನಮ್ಮದು. ಜನ ಇದಕ್ಕೂ ಹೊಂದಿಕೊಂಡಿದ್ದರು. ಸಾಲಿನಲ್ಲಿ ಕೂತವರಿಗೆ ಮಜ್ಜಿಗೆ ಕೊಡುವ ಪದ್ಧತಿ ಬಂದಿತ್ತು, ಹಿಂದೆ ಮುಂದೆ ಕೂತ ಹೆಣದವರ ನಡುವೆ ಎಷ್ಟೋ ಮದುವೆಗಳೂ ಕುದುರಿದ್ದವು.

ನಾನು ನಲವತ್ತನಾಲ್ಕು ವರ್ಷ ಹೊಳೆದಂಡೆಯ ದೊಡ್ಡ ಛತ್ರದ ಅಡುಗೆಮನೆಯಲ್ಲಿ ಒಲೆ ಊದಿದವಳು. ಆ ಛತ್ರಕ್ಕೆ ದೇಶದೇಶದ ವ್ಯಾಪಾರಿಗಳು ಬರುತ್ತಿದ್ದರು. ನಮ್ಮ ಗೋಳು ಹೇಳಿಕೊಂಡರೆ ಅವರೂ ತಮ್ಮದು ತೆಗೆಯುತ್ತಿದ್ದರು. ಮೂಡಣ ಸೀಮೆಯ ರೇಷ್ಮೆಯವಳು ಹೇಳಿದ್ದಳು, ಅವರ ದೊಡ್ಡ ಊರನ್ನು ದೊರೆ ತನ್ನ ಸ್ವಂತ ಕೈಯಲ್ಲೇ ಇಟ್ಟುಕೊಂಡಿದ್ದಾನಂತೆ, ಊರಿನವರು ತಮ್ಮ ಮುಖಂಡನನ್ನು ತಾವು ಆರಿಸುವ ಹಾಗಿಲ್ಲವಂತೆ. ದ್ವೀಪದಿಂದ ಬಂದ ಲವಂಗದವನ ಊರು ವರ್ಷಕ್ಕೆ ಗೇಣುದ್ದ ಸಮುದ್ರಕ್ಕೆ ಇಳಿಯುತ್ತಿತ್ತಂತೆ. ಅದನ್ನು ಎತ್ತುವುದು ಬಿಟ್ಟು ಆಳುವವರು ತಮ್ಮ ಕಚೇರಿಯನ್ನೇ ಬೇರೆ ಕಡೆಗೆ ಎತ್ತಿಕೊಂಡು ಹೋದರಂತೆ. "ಎಲ್ಲಾ ಕಡೆ ಕಟ್ಟಳೆ ಪುಸ್ತಕ ಬರೆದೋರು ಹಳ್ಳಿ ನೋಡಿದ್ರು, ದೇಶ ನೋಡಿದ್ರು, ಮಧ್ಯೆ ನಮ್ಮನ್ನ ನೋಡಲಿಲ್ಲ ಕಣಮ್ಮ" ಎಂದಿದ್ದ ಅವನು. ಊಟ ಮಾಡಿ ಕೈ ತೊಳೆದು ಅವರು ಹೊರಟುಹೋಗುತ್ತಿದ್ದರು. ನನಗೆ ಮಾತ್ರ ಆ ಮಾತು ಒಲೆಯ ಮುಂದೆ ಉಳಿಯುತ್ತಿತ್ತು.

ನಮ್ಮ ಊರಿನ ಒಂದೇ ಆಸ್ಪತ್ರೆ ಹೊಳೆಯ ಆಚೆ ದಡದಲ್ಲಿದೆ. ಅಲ್ಲಿಗೆ ಹೋಗಲು ಒಂದೇ ಸೇತುವೆ. ಪಕ್ಕದ ಮನೆಯ ದೇವೀರಮ್ಮನ ದೊಡ್ಡ ಮಗಳು ಮಂಚಮ್ಮ ಹೆರಿಗೆ ನೋವು ತಿನ್ನುತ್ತಾ ಆ ಸೇತುವೆಯ ಮೇಲೆ ಗಾಡಿಗಳ ನಡುವೆ ಸಿಕ್ಕಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಮುಂದಿನ ಬಂಡಿಯವನು ಪಾಪ, ಸರಿಯುವುದಕ್ಕೆ ಜಾಗವಿಲ್ಲದೆ ಅಳುತ್ತಾ ನಿಂತಿದ್ದ. ಆ ವರ್ಷವೇ ನಮ್ಮ ದಡದ ಗಿರಣಿ ಹೆಂಗಸರು ಸೇರಿ, ಭಾನುವಾರ ಭಾನುವಾರ ಇಟ್ಟಿಗೆ ಹೊತ್ತು, ಹೆರಿಗೆಗೆಂದು ಒಂದು ಆಸ್ಪತ್ರೆ ಕಟ್ಟಿದೆವು. ಮೂವತ್ತಾರು ಮಂಚ, ಹಿತ್ತಲಲ್ಲಿ ಬಿಸಿನೀರಿನ ಹಂಡೆ, ಕಿಟಕಿಗೆ ಸೊಳ್ಳೆ ಪರದೆ. ಬರುತ್ತೇವೆಂದು ಮಾತು ಕೊಟ್ಟ ಇಬ್ಬರು ಡಾಕ್ಟರಮ್ಮಂದಿರು. ಬಾಗಿಲು ತೆರೆಯುವ ದಿನ ಅಮಲ್ದಾರರು ಬಂದು ಬೀಗ ಜಡಿದು ಅರಗಿನ ಮುದ್ರೆ ಒತ್ತಿದರು. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಹೀಗಿತ್ತು: "ಈ ಊರಿಗೆ ಈಗಾಗಲೇ ಒಂದು ಆಸ್ಪತ್ರೆ ಇರುವುದರಿಂದ ಇದು ಆಸ್ಪತ್ರೆಯಲ್ಲ." ಆಗ ನನಗೆ ಓದಲು ಬರುತ್ತಿರಲಿಲ್ಲ. ಬೇರೆಯವರು ಓದಿ ಹೇಳಿದರು. ಹೇಳಿದ್ದು ನಿಜವೋ ಸುಳ್ಳೋ ನೋಡಲೇಬೇಕೆಂದು ಅರವತ್ತು ದಾಟಿದ ಮೇಲೆ ಇಸ್ಮಾಯಿಲ್ ಮೇಷ್ಟ್ರ ರಾತ್ರಿ ಶಾಲೆಗೆ ಸೇರಿದೆ. ಎರಡು ವರ್ಷದ ಮೇಲೆ ಹೋಗಿ ನಾನೇ ಓದಿದೆ. ನಿಜವಾಗಿತ್ತು.

ಬೀಗ ಬಿದ್ದು ಒಂಬತ್ತು ವರ್ಷವಾಗಿತ್ತು. ದೇವೀರಮ್ಮ ದಿನಾ ಬೆಳಿಗ್ಗೆ ಹೋಗಿ ಆ ಜಗಲಿ ಗುಡಿಸಿ ನೀರು ಹಾಕಿ ಬರುತ್ತಿದ್ದಳು. ಈಗ ಅವಳ ಚಿಕ್ಕ ಮಗಳು ಕಮಲಿಗೆ ಆರು ತಿಂಗಳು ತುಂಬಿತ್ತು. ಯುಗಾದಿಯ ಹೊತ್ತಿಗೆ ಹೆರಿಗೆ. ಮಹಾಸಭೆ ಅದಕ್ಕೆ ಆರು ವಾರ ಮುಂಚೆ.

"ಈ ವರ್ಷನೂ ಆ ಬೀಗ ತೆಗೀಲಿಲ್ಲ ಅಂದ್ರೆ ನಾನೇ ಒಡೀತೀನಿ ಹೊನ್ನಕ್ಕ" ಎಂದಳು ದೇವೀರಮ್ಮ.

"ಒಡೆದ್ರೆ ಡಾಕ್ಟರಮ್ಮಂದಿರನ್ನ ಹಿಡ್ಕೊಂಡು ಹೋಗ್ತಾರಲ್ಲೇ. ಮಂಚ ಹೆರಿಗೆ ಮಾಡಿಸ್ತದಾ?"

"ಹಂಗಾದ್ರೆ ಏನು ಮಾಡ್ಲಿ? ಇವಳನ್ನೂ ಸೇತುವೆ ಮೇಲೆ ಮಲಗಿಸ್ಲಾ?"

ನನ್ನ ಬಳಿ ಉಸಿರಿತ್ತು. ಅಷ್ಟು ವರ್ಷ ಹಸಿ ಸೌದೆ ಊದಿದ ಎದೆ. ಒಂದು ಸಲ ಊದುಗೊಳವೆ ಬಾಯಿಗಿಟ್ಟರೆ ಒಲೆ ಹತ್ತಿದ ಮೇಲೆಯೇ ತೆಗೆಯುತ್ತಿದ್ದೆ. ಹಿಂದಿನ ವರ್ಷದವರೆಗೆ ನಮ್ಮ ಊರಿನ ಉಸಿರಾಗಿ ಹೋಗುತ್ತಿದ್ದ ವಾಲಗದವನಿಗೆ ಕೆಮ್ಮು ಹಿಡಿದಿತ್ತು. ಹೊಸಬರನ್ನು ಆರಿಸಲು ಮೈದಾನದಲ್ಲಿ ಪೈಪೋಟಿ ಇಟ್ಟರು. ಕುಸ್ತಿಯವರು ಬಂದಿದ್ದರು, ಬಾವಿಗೆ ಮುಳುಗುವವರು ಬಂದಿದ್ದರು. ಅರವತ್ತೆಂಟರ ಮುದುಕಿ ಸಾಲಿನಲ್ಲಿ ನಿಂತದ್ದು ನೋಡಿ ಒಬ್ಬ ಪೈಲ್ವಾನ ನಕ್ಕ. "ಅಜ್ಜಿ, ಹತ್ತಿ ಎಳೆ ನಿನ್ನ ಮೂಗೊಳಗೇ ಹೋಗ್ಬಿಟ್ಟಾತು, ಜ್ವಾಪಾನ!" ಎಂದ. ಅವನು ಮುಗಿಸಿ, ನೀರು ಕುಡಿದು, ಬಾಯಿ ಒರೆಸಿಕೊಂಡ ಮೇಲೂ ನಾನು ಹೇಳುತ್ತಲೇ ಇದ್ದೆ.

ಏನು ಹೇಳಬೇಕು ಎನ್ನುವುದನ್ನು ಹೊಸೆಯುವವರು ಇಸ್ಮಾಯಿಲ್ ಮೇಷ್ಟ್ರು. ಆಚೆ ದಡದಲ್ಲಿ ಮನೆ, ಈಚೆ ದಡದಲ್ಲಿ ಶಾಲೆ. ಮೂವತ್ತೊಂದು ವರ್ಷದಿಂದ ಇಡೀ ಊರಿನ ದೂರುಗಳನ್ನು ಕೂಡಿಸಿ, ಹಿಂಡಿ, ಒಂದು ಉಸಿರಿಗೆ ಇಳಿಸುವುದು ಅವರದೇ ಕೆಲಸ. ಅವರಿಗೆ ಗೂರಲು; ನಾಲ್ಕು ಮೆಟ್ಟಿಲು ಹತ್ತಿದರೆ ಐದನೆಯದರಲ್ಲಿ ಕೂರಬೇಕು. ಆದ್ದರಿಂದ ಒಂದು ಸಲವೂ ಅವರು ಸಭೆಗೆ ಹೋದವರಲ್ಲ. ಆ ವರ್ಷ ಅರವತ್ತೊಂಬತ್ತು ದೂರು. ನಮ್ಮ ಆಸ್ಪತ್ರೆಯದು ನಲವತ್ತೊಂದನೆಯದು.

"ಹೊಳೆಯೀಚೆ ಆಸ್ಪತ್ರೆಯ ಬೀಗ ತೆಗೆಸಿಕೊಡಬೇಕು ಅನ್ನೋದು ಬಹಳ ಉದ್ದ ಹೊನ್ನಾಜಮ್ಮನವರೇ. ಹೊಳಾಸ್ಬೀಗ್ತೆ ಅನ್ನಿ."

"ಹೊಳಾಸ್ಬೀಗ್ತೆ."

"ಇನ್ನೂ ಬೇಗ. ಅದರ ಹಿಂದೇನೇ ಸೇತ್ವೆರಡ್ಬೇಕು. ಅದರ ಹಿಂದೆ ಸ್ಮಶಾನ್ಮೂರು. ಮಧ್ಯೆ ಸಂದು ಬಿಡಬೇಡಿ, ಗಾಳಿ ಸೋರಿ ಹೋಗತ್ತೆ."

ನಮ್ಮ ಊರಿನವರಿಗೆ ಇದೊಂದು ಹೆಮ್ಮೆ. ಮನೆಮನೆಯಲ್ಲೂ ಹೀಗೆ ಮಾತಾಡುವುದೇ ರೂಢಿಯಾಗಿತ್ತು. ತಾಯಂದಿರು ಬೀದಿಯಲ್ಲಿ ನಿಂತು "ಊಟಾರ್ತುಬಾ" ಎಂದರೆ ಮಕ್ಕಳು ಓಡಿ ಬರುತ್ತಿದ್ದವು. ಮೈದಾನದಲ್ಲಿ ತಾಲೀಮು ನಡೆಯುವಾಗ ಸಾವಿರಾರು ಜನ ಸುತ್ತ ಕೂತು ಬೆರಳು ಮಡಿಸಿ ಎಣಿಸುತ್ತಿದ್ದರು. ಅರವತ್ತೊಂಬತ್ತೂ ಒಂದು ಉಸಿರಿಗೆ ಇಳಿದ ದಿನ ಶಿಳ್ಳೆ ಹಾಕಿದರು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಎಲ್ಲ ಮುಗಿದ ಮೇಲೆ ಪ್ರತಿ ವರ್ಷ ಮಹಾಸಭೆಯಿಂದ ಒಂದೇ ರೀತಿಯ ಕಾಗದ ಬರುತ್ತಿತ್ತು: "ತಮ್ಮ ಕ್ಷೇಮ ಸಮಾಚಾರ ತಿಳಿದು ಸಭೆಗೆ ಸಂತೋಷವಾಯಿತು." ಆಗುವುದಿಲ್ಲ ಎನ್ನುವುದನ್ನು ದೊಡ್ಡವರು ಹೀಗೆ ಮರ್ಯಾದೆಯಿಂದ ಹೇಳುತ್ತಾರೆ ಎಂದು ಮೇಷ್ಟ್ರು ವಿವರಿಸಿದ್ದರು. ನಾವು ನಂಬಿದ್ದೆವು.

ರೈಲಿನಲ್ಲಿ ಒಂದೂವರೆ ದಿನ ಕೂತು ಹೋದೆ. ಸಭೆಯ ಮನೆ ಕಲ್ಲಿನದು, ಒಳಗೆ ತಂಪು. ಇನ್ನೂರೆಂಬತ್ತು ಊರಿನವರು ಚಾಪೆಗಳ ಮೇಲೆ ಕೂತಿದ್ದರು. ನನ್ನ ಪಕ್ಕದಲ್ಲಿ ಕೆಂಚೇಗೌಡರು ಎಂಬವರು, ಗುಂಡುತೋಪಿನ ಹಟ್ಟಿಯವರು. ಹದಿಮೂರು ಮನೆ. ಒಳ್ಳೆಯ ಮನುಷ್ಯ, ಕೂತ ತಕ್ಷಣ ಗಂಟು ಬಿಚ್ಚಿ ಹುರಿಗಡಲೆ ಕೊಟ್ಟರು. ಅವರ ಸರದಿ ಬಂದಾಗ ಎದ್ದು, ಪಂಚೆ ಸರಿ ಮಾಡಿಕೊಂಡು, ನಿಧಾನವಾಗಿ ಹೇಳಿದರು: "ನಮ್ಮ ಹಟ್ಟಿ ಮುಂದಿನ ಹುಣಸೆಮರ ಯಾಕೋ ಒಣಗ್ತಾ ಐತೆ. ತಿಳಿದೋರು ಯಾರಾದ್ರೂ ಬಂದು ನೋಡಿದ್ರೆ ಒಳ್ಳೇದು. ಮತ್ತೆ ಎಲ್ರೂ ಆರೋಗ್ಯವಾಗಿದೀರಾ?" ಇಡೀ ಸಭೆ "ಆರೋಗ್ಯ, ಆರೋಗ್ಯ" ಎಂದಿತು. ಮರ ನೋಡುವವರನ್ನು ಕಳಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಗೌಡರಿಗೆ ಇನ್ನೂ ಅರ್ಧ ಉಸಿರು ಉಳಿದಿತ್ತು. ಸುಮ್ಮನೆ ನಿಂತು ಎಲ್ಲರನ್ನೂ ನೋಡಿ ನಗುತ್ತಾ ಅದನ್ನು ಬಿಟ್ಟರು. ನನಗೆ ಹೊಟ್ಟೆ ಉರಿಯಿತು. ಆ ಅರ್ಧ ಉಸಿರಿನಲ್ಲಿ ನಮ್ಮ ಇಪ್ಪತ್ತು ದೂರು ಹಿಡಿಸುತ್ತಿತ್ತು.

ನನ್ನ ಸರದಿ ಮರುದಿನ ಮಧ್ಯಾಹ್ನದ ಊಟದ ಮೇಲೆ. ಎಲ್ಲರೂ ಊಟಕ್ಕೆ ಹೋದಾಗ ನಾನು ಹೋಗಲಿಲ್ಲ. ಹೊಟ್ಟೆ ತುಂಬಿದರೆ ಉಸಿರು ಗಿಡ್ಡವಾಗುತ್ತದೆ. ಸಭೆಯಲ್ಲಿ ಆಡಿದ್ದನ್ನೆಲ್ಲ ಬರೆಯುವ ಗುಮಾಸ್ತರು ವಾಸುದೇವಯ್ಯ ಮೂಲೆಯಲ್ಲಿ ಕೂತು ಬುತ್ತಿ ತಿನ್ನುತ್ತಿದ್ದರು. ಅವರ ಮುಂದೆ ದಪ್ಪನೆಯ ಪುಸ್ತಕ.

"ನಮ್ಮೂರಿನ ಪುಟ ನೋಡಬಹುದಾ ಸ್ವಾಮಿ?" ಎಂದೆ.

"ಧಾರಾಳವಾಗಿ ನೋಡಿ. ದೊಡ್ಡೂರಿನವರು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ."

ಕೇಳುವುದು ಹೇಗೆ? ಬಂದವರೆಲ್ಲ ಎದೆ ಇದ್ದವರು, ಅಕ್ಷರ ಇಲ್ಲದವರು. ಅಕ್ಷರ ಇದ್ದ ಮೇಷ್ಟ್ರಿಗೆ ಎದೆ ಇರಲಿಲ್ಲ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. "ದೊಡ್ಡೂರಿನವರು ಎದ್ದು ನಿಂತು ಎಂದಿನಂತೆ ಮಂತ್ರ ಹೇಳಿದರು. ಊರು ಕ್ಷೇಮ." ಹಿಂದಿನ ವರ್ಷ ತಿರುವಿದೆ. ಮಂತ್ರ ಹೇಳಿದರು, ಊರು ಕ್ಷೇಮ. ಅದರ ಹಿಂದಿನದು. ಮಂಚಮ್ಮ ಸತ್ತ ವರ್ಷ ತೆಗೆದೆ. ಊರು ಕ್ಷೇಮ. ಜವಳಿ ಬೀದಿ ಹೊತ್ತಿಕೊಂಡು ಇದ್ದ ಒಂದು ಬಂಡಿ ಬರುವಷ್ಟರಲ್ಲಿ ಇನ್ನೂರು ಜನ ಸುಟ್ಟುಹೋದ ವರ್ಷ ತೆಗೆದೆ. ಊರು ಕ್ಷೇಮ. ಮೂವತ್ತೊಂದು ಪುಟ ತಿರುವಿ ನೋಡಿದೆ.

"ಇದೇನು ಸ್ವಾಮಿ, ಮಂತ್ರ ಅಂತ ಬರೆದಿದೀರಿ?"

ವಾಸುದೇವಯ್ಯ ಕೈ ನೆಕ್ಕುತ್ತಾ, "ಮತ್ತೆ ಮಂತ್ರ ಅಲ್ವಾ? ಬಹಳ ಚೆನ್ನಾಗಿ ಹೇಳ್ತಾರೆ ನಿಮ್ಮೋರು. ಒಂದು ಅಕ್ಷರ ಅರ್ಥ ಆಗಲ್ಲ, ಆದ್ರೆ ಕಿವಿಗೆ ಹಿತ. ಅದನ್ನ ಕೇಳಕ್ಕೆ ಅಂತಲೇ ಊಟ ಬೇಗ ಮುಗಿಸಿ ಬರ್ತಾರೆ ಜನ" ಎಂದರು.

ನನ್ನ ಮೈ ಕಾದ ಬಾಣಲೆಯಾಯಿತು. ಗುಮಾಸ್ತರನ್ನು ಬೈಯಲೇ? ಅವರು ಕೇಳಿಸಿಕೊಂಡದ್ದು ಬರೆದರು. ಮೇಷ್ಟ್ರನ್ನು ಬೈಯಲೇ? ತೊಂಬತ್ತು ಲಕ್ಷ ಜನರನ್ನು ಒಂದು ಮೂಗಿನಿಂದ ಹೊರಗೆ ಹಾಯಿಸು ಎಂದರೆ ಆ ಬಡಪಾಯಿ ಇನ್ನೇನು ಮಾಡಿಯಾನು? ನಾವು ಮೈದಾನದಲ್ಲಿ ಬೆರಳು ಮಡಿಸಿ ಎಣಿಸಿದೆವೇ ಹೊರತು, ಪರ ಊರಿನವನೊಬ್ಬನನ್ನು ಕೂರಿಸಿ, ಏನಪ್ಪಾ ನಿನಗೆ ತಿಳಿಯಿತೇ ಎಂದು ಕೇಳಿರಲಿಲ್ಲ. ಆದರೂ ನನಗೆ ಸಿಟ್ಟು ಬಂದದ್ದು ನಮ್ಮ ಪೆದ್ದುತನದ ಮೇಲಲ್ಲ. ಮೂವತ್ತೊಂದು ವರ್ಷ ಎದುರಿಗೆ ನಿಂತು ಮುಖ ಕೆಂಪಗೆ ಮಾಡಿಕೊಂಡು ಏದುಸಿರಿನಲ್ಲಿ ಒದರಿದವರನ್ನು, ನಿಮಗೇನಾಗಿದೆ ಎಂದು ಒಬ್ಬರೂ ಕೇಳಲಿಲ್ಲವಲ್ಲ!

ಹೊರಗೆ ಮೆಟ್ಟಿಲ ಮೇಲೆ ಕೆಂಚೇಗೌಡರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಪಕ್ಕ ಕೂತು ಎಲ್ಲ ಹೇಳಿದೆ, ಸೇತುವೆ, ಮಂಚಮ್ಮ, ಬೀಗ, ಕಮಲಿ. ಅವರು ಲೊಚಗುಟ್ಟಿದರು.

"ಅಲ್ಲ ಗೌಡ್ರೇ, ಹದಿಮೂರು ಮನೆಗೂ ಒಂದು, ನಮಗೂ ಒಂದು. ಇದು ನ್ಯಾಯನಾ?"

"ಅಕ್ಕಯ್ಯ, ನಿಮಗೆ ನೂರು ಉಸಿರು ಕೊಟ್ರೆ ನಮ್ಮ ಒಂದು ಉಸಿರು ಯಾರಿಗೆ ಕೇಳ್ತದೆ ಹೇಳು. ನೀವು ಎದ್ದು ನಿಂತ್ರೆ ನಮ್ಮ ಹಟ್ಟಿ ಹಾರೋಗ್ತದೆ."

"ನಿಮ್ಮದು ಕಿತ್ಕೊಳ್ಳಿ ಅಂದ್ನಾ? ನಮ್ಮ ಬಾಗಿಲು ತೆಗೀಲಿ ಅಂದೆ."

"ಅದೇನೋ ಸರಿ." ಅವರು ಸುಣ್ಣ ಸವರುತ್ತಾ ಯೋಚಿಸಿದರು. "ನಾವೂ ಮೊದಲು ಮರಡೀಹಳ್ಳಿ ಒಳಗೇ ಇದ್ದೋರು. ನಮ್ಮ ತಾತನ ಕಾಲದಾಗೆ ಒಂದು ಎಮ್ಮೆ ವಿಷ್ಯಕ್ಕೆ ಜಗಳ ಆಯ್ತು. ನಮ್ಮ ತಾತ ಇಲ್ಲೇ ಬಂದು ನಿಂತು, ನಾವು ಬ್ಯಾರೆ ಅಂದ. ಅಷ್ಟೇಯಾ. ಹನ್ನೊಂದು ಮನೆಗೆ ಕಮ್ಮಿ ಇರಬಾರದು, ಗಡಿ ಇರಬೇಕು, ಹೆಸರಿರಬೇಕು. ಸಭೆ ಬ್ಯಾಡ ಅನ್ನಂಗಿಲ್ಲ. ಇಲ್ಲಿ ಕೂತಿರೋ ಅರ್ಧ ಊರು ಹಂಗೇ ಹುಟ್ಟಿರೋದು."

ಅವರು ಬೇರೆ ಏನೋ ಹೇಳುತ್ತಲೇ ಇದ್ದರು. ನನಗೆ ಕೇಳಿಸಲಿಲ್ಲ. ಒಳಗೆ ಗಂಟೆ ಹೊಡೆಯಿತು.

ಎದ್ದು ನಿಂತೆ. ಚಾಕರಿಯವನು ಹತ್ತಿ ಎಳೆ ಹಿಡಿದ. ಜನ ನನ್ನ ಕಡೆ ತಿರುಗಿ ಆರಾಮಾಗಿ ಕೂತರು. ಒಂದಿಬ್ಬರು ಹಿತವಾಗಿ ಕಣ್ಣು ಮುಚ್ಚಿದರು. ಅರವತ್ತೊಂಬತ್ತು ದೂರು ನಾಲಿಗೆಯ ತುದಿಗೆ ಬಂದು ನೂಕಾಡುತ್ತಿದ್ದವು. ಸ್ಮಶಾನದ ಸಾಲಿನವರು, ಸುಟ್ಟ ಬೀದಿಯವರು, ಆಚೆ ದಡದ ಕೊಳಚೆ ನೀರಿನವರು, ಎಲ್ಲರೂ ರೈಲಿನವರೆಗೆ ಬಂದು, ನಮ್ಮದು ಮರೀಬೇಡ ಹೊನ್ನಾಜಮ್ಮ ಎಂದು ಕೈ ಹಿಡಿದಿದ್ದರು. ಉಸಿರು ಎಳೆದುಕೊಂಡೆ. ಹಸಿ ಸೌದೆ ಊದುವ ಹಾಗೆ ನಿಧಾನವಾಗಿ ಬಿಟ್ಟೆ.

"ನಮ್ಮ ಊರು ಕ್ಷೇಮವಾಗಿಲ್ಲ. ಮೂವತ್ತೊಂದು ವರ್ಷ ನೀವು ಕೇಳಿದ್ದು ಮಂತ್ರ ಅಲ್ಲ, ದೂರು. ಹೊಳೆಯ ಈಚೆ ದಡದವರಾದ ನಾವು ಇವತ್ತಿನಿಂದ ಬೇರೆ ಊರು. ಹೊಳೆಯೇ ಗಡಿ. ಮನೆಗಳು ಹನ್ನೊಂದಕ್ಕೆ ಕಡಿಮೆ ಇಲ್ಲ. ಹೆಸರು ಮಂಚಮ್ಮನ ಪಾಳ್ಯ."

ಕಣ್ಣು ಮುಚ್ಚಿದ್ದವರು ಬಿಟ್ಟರು. ವಾಸುದೇವಯ್ಯನ ಲೇಖನಿ ಓಡುತ್ತಿತ್ತು. ನನ್ನ ಎದೆಯಲ್ಲಿ ಇನ್ನೂ ಉಸಿರಿತ್ತು. ಇನ್ನೊಂದು ದೂರು ಹೇಳಬಹುದಿತ್ತು, ಎರಡೂ ಹೇಳಬಹುದಿತ್ತು. ಯಾವುದನ್ನು ಎತ್ತಲಿ? ಸ್ಮಶಾನ ಎಂದರೆ ಕೊಳಚೆಯವರು ಏನೆನ್ನುತ್ತಾರೆ, ಕೊಳಚೆ ಎಂದರೆ ಜವಳಿ ಬೀದಿಯವರು ಏನೆನ್ನುತ್ತಾರೆ ಎಂದು ತೂಗುತ್ತಾ ನಿಂತೆ. ಹತ್ತಿಯ ಎಳೆ ಬಾಗಿತು. ಚಾಕರಿಯವನು ಕೈ ಇಳಿಸಿದ. ಆ ತಪ್ಪು ನನ್ನದೇ. ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಯಾರೂ ಬೇಡವೆನ್ನುವಂತಿರಲಿಲ್ಲ, ಎನ್ನಲೂ ಇಲ್ಲ. ಹತ್ತು ದಿನದಲ್ಲಿ ಅಮಲ್ದಾರರು ಬಂದು ಅರಗು ಒಡೆದು ಬೀಗ ತೆಗೆದರು. ಹೊಸ ಕಾಗದ ಅಂಟಿಸಿದರು: "ಈ ಊರಿಗೆ ಆಸ್ಪತ್ರೆ ಇಲ್ಲದಿರುವುದರಿಂದ ಇದು ಆಸ್ಪತ್ರೆ." ಅದೇ ಗೋಡೆ, ಅದೇ ಮಂಚ. ದೇವೀರಮ್ಮ ಒಳಗೆ ಹೋದವಳು ಒಂದೊಂದು ಮಂಚವನ್ನೂ ಮುಟ್ಟಿ ನೋಡಿ ಗೋಡೆಗೆ ಒರಗಿ ಕೂತುಬಿಟ್ಟಳು. ಯುಗಾದಿಗೆ ಮೂರು ದಿನ ಮುಂಚೆ ಕಮಲಿಗೆ ಹೆಣ್ಣು ಮಗು. ಸ್ವಲ್ಪ ಕಷ್ಟವಾಯಿತು, ಕೊರಳಿಗೆ ಹುರಿ ಸುತ್ತಿಕೊಂಡಿತ್ತು. ಸೇತುವೆಯ ಮೇಲಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆವತ್ತು ನಾನು ಅತ್ತೆ.

ಮಗುವಿನ ಹುಟ್ಟಿದ ಕಾಗದ ಬಂದಾಗ ಅಳು ಹೋಗಿ ಸಿಟ್ಟು ಬಂತು. ಗ್ರಾಮ, ಮಂಚಮ್ಮನ ಪಾಳ್ಯ. ಮನೆಗಳ ಸಂಖ್ಯೆ, ಹನ್ನೊಂದು. ಒಂಬತ್ತು ಲಕ್ಷ ಮನೆಯಿದೆಯಲ್ಲ ಸ್ವಾಮಿ ಎಂದರೆ, ಸಭೆಯ ಹೇಳಿಕೆಯಲ್ಲಿ ಹನ್ನೊಂದು ಎಂದೇ ಇರುವುದು ಎಂದರು ಅಮಲ್ದಾರರು. ನಮ್ಮನ್ನು ನಾವು ಇಷ್ಟು ಗಿಡ್ಡ ಮಾಡಿಕೊಂಡ ಮೇಲೆಯೇ ಅವರ ಕಣ್ಣಿಗೆ ನಾವು ಬಿದ್ದದ್ದು. ಗಿರಣಿಯ ಸೈರನ್ನು, ಟ್ರಾಮಿನ ಸದ್ದು, ನಾಲ್ಕು ಮಹಡಿಯ ಮನೆಗಳ ನಡುವೆ ಹುಟ್ಟಿದ ಕೂಸಿಗೆ ಹಟ್ಟಿಯವಳು ಎಂಬ ಕಾಗದ!

ಹೊಳೆಯೇ ಗಡಿ ಎಂದು ನಾನು ಸುಲಭವಾಗಿ ಅಂದುಬಿಟ್ಟಿದ್ದೆ. ಮೊದಲ ತಿಂಗಳಲ್ಲೇ ಸೇತುವೆಯ ನಡುವೆ ಸರಪಳಿ ಬಂತು. ಆಚೆಯಿಂದ ಹಾಲು ತರುವವನು ಪರ ಊರಿನವನಾದ. ನಮ್ಮ ಚರಂಡಿ ಅವರ ಕಡೆಗೆ ಹರಿಯುತ್ತದೆಂದು ಅವರು ಕಲ್ಲು ಇಟ್ಟು ಮುಚ್ಚಿದರು. ಕೊಳಚೆ ನಮ್ಮ ಬೀದಿಗೆ ಉಕ್ಕಿತು. ಆಚೆ ದಡದ ಹೆಂಗಸರು ಸರಪಳಿಯ ಬಳಿ ನಿಂತು, "ನೆರೆಮನೆಯೋಳ ಹೆರಿಗೆಗೋಸ್ಕರ ಊರನ್ನೇ ಸೀಳಿದೆಯಲ್ಲೇ ಮುದುಕಿ!" ಎಂದು ಕೂಗಿದರು. ಅವರು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ.

ಇಸ್ಮಾಯಿಲ್ ಮೇಷ್ಟ್ರು ನಾಲ್ಕು ತಿಂಗಳು ಶಾಲೆಗೆ ಬರಲಿಲ್ಲ. ಬಂದ ದಿನ ಸರಪಳಿ ದಾಟುವಷ್ಟರಲ್ಲಿ ಮೇಲುಸಿರು ಹತ್ತಿತ್ತು. ನಮ್ಮ ಜಗಲಿಯಲ್ಲಿ ಕೂತು ಉಸಿರು ಸುಧಾರಿಸಿಕೊಂಡರು.

"ಉಳಿದ ಉಸಿರಲ್ಲಿ ಸ್ಮಶಾನ ಅಂತ ಒಂದು ಮಾತು ಅನ್ನಬಹುದಿತ್ತು" ಎಂದರು.

"ಅನ್ನಬಹುದಿತ್ತು ಮೇಷ್ಟ್ರೇ. ಅನ್ನಲಿಲ್ಲ."

"ನಾನು ಬರೆದದ್ದನ್ನ ಅವರು ಮಂತ್ರ ಅಂದುಕೊಂಡಿದ್ರಂತೆ, ಹೌದಾ?"

"ಹೌದು."

ಅವರು ಜೇಬಿನಿಂದ ನಕ್ಷೆ ತೆಗೆದು ಬಿಡಿಸಿದರು. ಊರನ್ನೆಲ್ಲ ಚೌಕ ಚೌಕ ಗೆರೆ ಹಾಕಿದ್ದರು. ಬೀದಿಗೊಂದು ಊರು ಮಾಡಿಕೊಂಡರೆ ನಮಗೂ ಸಾವಿರಾರು ಉಸಿರು ಸಿಗುತ್ತದೆ, ಸಭೆಯ ಮನೆಯಲ್ಲಿ ಅವರಿಗೆ ಕೂರಲೂ ಜಾಗವಿರುವುದಿಲ್ಲ ಎಂದರು.

"ಬೇಡ ಮೇಷ್ಟ್ರೇ" ಎಂದೆ. "ಒಂದು ಸಲ ಹರಿದದ್ದಕ್ಕೇ ಮೂಗು ಮುಚ್ಕೊಂಡು ಕೂತಿದೀವಿ. ಬೀದಿಗೊಂದು ಮಾಡಿದ್ರೆ ನೀರಿನ ಕೊಳಾಯಿ ಎಷ್ಟು ಗಡಿ ದಾಟಿ ಬರಬೇಕು ಹೇಳಿ. ಅವತ್ತು ಕಮಲಿ ಜೀವ ಇತ್ತು, ಹರಿದೆ. ನಾವು ಹಳ್ಳಿ ಅಲ್ಲ ಅನ್ನೋದನ್ನ ಹಳ್ಳಿ ಅಂತ ಸುಳ್ಳು ಹೇಳಿ ಎಷ್ಟು ದಿನ ನಡೆಸೋದು? ಈಗ ಎರಡು ಊರು, ಎರಡು ಉಸಿರು. ನಿಮ್ಮ ಕಡೆಯಿಂದ ನೀವೇ ಬನ್ನಿ."

"ನನ್ನ ಎದೇಲಿ ನಾಲ್ಕು ಮಾತಿಗೂ ಗಾಳಿ ಇಲ್ಲ ಹೊನ್ನಾಜಮ್ಮನವರೇ."

"ನಾಲ್ಕು ಮಾತಿಗಿಂತ ಜಾಸ್ತಿ ಬೇಡ."

ಈ ವರ್ಷ ಇಬ್ಬರೂ ಒಂದೇ ರೈಲಿನಲ್ಲಿ ಹೋದೆವು. ಇನ್ನೂರೆಂಬತ್ತೊಂದು ಊರು. ನನ್ನ ಸರದಿ ಮೊದಲು. ಎದ್ದು ಹೇಳಿದೆ: "ಹೊಳೆಯ ಈಚೆ ನಾವು, ಆಚೆ ಅವರು. ನಾವು ಎರಡು ಊರಲ್ಲ, ಒಂದೇ. ಬಾಗಿಲು ತೆಗೆಸಿಕೊಳ್ಳೋದಕ್ಕೆ ಹಳ್ಳಿಯ ವೇಷ ಹಾಕಿದೆವು. ಹಾಕಿಸಿದ್ದು ನಿಮ್ಮ ಕಟ್ಟಳೆ. ನಮಗೆ ಬೇಕಾದ್ದೇನು ಅನ್ನೋದನ್ನ ಆಚೆ ದಡದವರು ಹೇಳ್ತಾರೆ." ಕೂತೆ. ನಡುವೆ ಎಪ್ಪತ್ತೆರಡು ಊರುಗಳಿದ್ದವು. ಒಬ್ಬೊಬ್ಬರು ಎದ್ದು ತಮ್ಮ ಕೆರೆ, ತಮ್ಮ ಹೋರಿ ಎನ್ನುತ್ತಿದ್ದರೂ ಜನರ ಕಣ್ಣು ಮೇಷ್ಟ್ರ ಮೇಲೆಯೇ. ಮೊದಲ ಸಲ ನಮ್ಮ ಊರಿನ ಮಾತಿಗೆ ಸಭೆ ಕಾದು ಕೂತಿತು.

ಮೇಷ್ಟ್ರು ಗೋಡೆ ಹಿಡಿದು ಎದ್ದರು. ಎಳೆ ಹಿಡಿದವನಿಗೆ ಪಾಪ ಎನಿಸಿರಬೇಕು, ಸ್ವಲ್ಪ ದೂರ ಹಿಡಿದ. ಇಡೀ ಊರಿಗೆ ಓಡುವುದನ್ನು ಕಲಿಸಿದ ಮನುಷ್ಯ ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ಹೇಳಿದರು. "ನಿಮ್ಮ ಮೂಲಕಟ್ಟಳೆಯಲ್ಲಿ ನಮ್ಮನ್ನೂ ಬರೆಯಿರಿ." ಅಷ್ಟಕ್ಕೇ ಎಳೆ ಬಾಗಿತು.

ಕಟ್ಟಳೆಗೆ ಒಂದು ಸಾಲು ಸೇರಿಸಬೇಕಾದರೆ ಮುಕ್ಕಾಲು ಪಾಲು ಊರು ಕೈ ಎತ್ತಬೇಕು, ಎಂದರೆ ಇನ್ನೂರ ಹನ್ನೊಂದು ಕೈ. ವಾಸುದೇವಯ್ಯ ಎರಡೆರಡು ಸಲ ಎಣಿಸಿದರು. ಒಂಬತ್ತು. ಅದರಲ್ಲಿ ಎರಡು ನಮ್ಮವೇ. ಕೆಂಚೇಗೌಡರ ಕೈ ಮೊಣಕಾಲಿನ ಮೇಲೇ ಇತ್ತು. ಏಳು ಕೈಯಾದರೂ ಬಂತಲ್ಲ ಎಂದು ಮೇಷ್ಟ್ರು ಪಿಸುಗುಟ್ಟಿದರು. ನನಗೆ ಆ ಸಮಾಧಾನ ಬೇಕಿರಲಿಲ್ಲ. ಏಳು ಎಂದರೆ ಏಳೇ.

ಹೊರಗೆ ಮೆಟ್ಟಿಲ ಬಳಿ ಗೌಡರು ಕಾಯುತ್ತಿದ್ದರು. ಈ ಸಲ ಕಡಲೆ ಕೊಡಲಿಲ್ಲ.

"ಹಟ್ಟಿಯೋರು ಹೇಳಿ ಕಳಿಸಿದ್ರು ಅಕ್ಕಯ್ಯ, ಕೈ ಎತ್ತಬ್ಯಾಡ ಅಂತ. ನಾನೊಬ್ಬ ಏನು ಮಾಡ್ಲಿ?" ಎಂದರು. ಸ್ವಲ್ಪ ತಡೆದು, "ನಮ್ಮ ಮಗಳನ್ನ ನಿಮ್ಮೂರಿಗೇ ಕೊಟ್ಟಿರೋದು, ಆಚೆ ದಡಕ್ಕೆ. ಅವಳಿಗೀಗ ಎಂಟು ತಿಂಗಳು. ಆಸ್ಪತ್ರೆ ಸಾಲು ಬಾಳ ಉದ್ದ ಐತಂತೆ. ನಿಮ್ಮ ಕಡೆ ಆಸ್ಪತ್ರೇಲಿ ಸೇರಿಸ್ಕೋತಾರಾ?" ಎಂದರು.

ನಾನು ಅವರ ಮುಖ ನೋಡಿದೆ. ಕೆಟ್ಟ ಮನುಷ್ಯರಲ್ಲ.

"ಕಳಿಸಿ ಗೌಡ್ರೇ. ಯಾವೂರು, ಯಾರ ಮಗಳು ಅಂತ ಅಲ್ಲಿ ಯಾರೂ ಕೇಳಲ್ಲ. ಸರಪಳಿ ಹತ್ರ ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಅವರ ಕಣ್ಣು ತುಂಬಿತು. "ದೊಡ್ಡ ಮನಸು ಅಕ್ಕಯ್ಯ. ಹಂಗಾದ್ರೆ ನನ್ನ ಮೇಲಿನ ಸಿಟ್ಟು ಇಳೀತು ಅನ್ನು."

"ಇಳಿಯೋವಂಥಾದ್ದು ಏನಾಗಿದೆ ಗೌಡ್ರೇ?" ಎಂದೆ.